ಕೆಂಪು ದಾರ ಯಾರ ಮನೆಯದು

ಬೀದಿಯವರಿಗೆಲ್ಲ ಅವನು ಇಸ್ತ್ರಿಯಣ್ಣ. ಹೆಂಡತಿಗೆ ಮಾತ್ರ ಹೂಂಗುಟ್ಟಪ್ಪ. ಮದುವೆಯಾದ ಹೊಸದರಲ್ಲಿ ಅವಳೇ ಇಟ್ಟ ಹೆಸರು ಅದು. ಆ ಹೆಸರಿಗೆ ಅವನು ಒಂದು ದಿನವೂ ಮೋಸ ಮಾಡಿದವನಲ್ಲ.

ಅವರ ಅಂಗಡಿ ಎಂದರೆ ಎರಡು ಬೀದಿ ಸೇರುವ ಮೂಲೆಯಲ್ಲಿ ಒಂದು ಕೋಣೆ. ಅರ್ಧ ಕೋಣೆಯನ್ನು ಮೇಜೇ ತಿಂದಿತ್ತು. ಹಳೆಯ ಕಂಬಳಿಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಿಳಿ ಬಟ್ಟೆ ಬಿಗಿದ ಮೇಜು. ಆ ಬಟ್ಟೆಯ ತುಂಬ ಇಸ್ತ್ರಿಪೆಟ್ಟಿಗೆಯ ಮೂತಿಯಂಥ ಕಂದು ಕಲೆಗಳು. ಬಲಗೈಗೆ ಸಿಗುವ ಹಾಗೆ, ಮುಚ್ಚಳಕ್ಕೆ ಸೂಜಿಯಿಂದ ತೂತು ಕೊರೆದ ನೀರಿನ ಬಾಟಲಿ. ಗೋಡೆಗೆ ಸಾಲು ಮೊಳೆ, ಮೊಳೆಗೊಂದು ಬಟ್ಟೆಯ ಗಂಟು. ಬಾಗಿಲ ಪಕ್ಕದ ಗಿಡ್ಡ ಸ್ಟೂಲು ಅವಳದು. ಮಕ್ಕಳಿರಲಿಲ್ಲ. ಅವರಿಬ್ಬರಿಗೆ ಅವರಿಬ್ಬರೇ.

ಮನೆಮನೆಗೆ ಹೋಗಿ ಬಟ್ಟೆ ತರುವುದು, ಗುರುತು ಹಾಕುವುದು, ತಿರುಗಿ ಮುಟ್ಟಿಸುವುದು ಅವಳ ಪಾಲು. ಮೇಜಿನ ಹಿಂದೆ ನಿಂತು ಇಸ್ತ್ರಿ ತಿಕ್ಕುವುದು ಅವನ ಪಾಲು. ಗುರುತಿಗೆ ಅವಳು ಇಂಕು ಮುಟ್ಟಿದವಳಲ್ಲ. ಮನೆಗೊಂದು ಬಣ್ಣದ ದಾರ. ಕಾಲರಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಒಂದೇ ಒಂದು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಕಡಿದ ತುದಿಯನ್ನು ಬಾಯಿಂದ ಉಗಿದು, ನಿಲ್ಲಿಸಿದ ಮಾತನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದಳು. ಯಾವ ಮನೆಯ ಮಗುವಿಗೆ ಹಲ್ಲು ಬಂತು, ಯಾವ ಮನೆಯ ಯಜಮಾನ ಹೆಂಡತಿಯ ಎದುರು ಬಾಲ ಮುದುರಿದ, ಎಲ್ಲವೂ ಬಟ್ಟೆಯ ಜೊತೆಗೇ ಅಂಗಡಿಗೆ ಬರುತ್ತಿತ್ತು. ಅವನು ಇಸ್ತ್ರಿಪೆಟ್ಟಿಗೆ ಎಳೆಯುತ್ತ ಹೂಂ, ಹೂಂ ಎನ್ನುತ್ತಿದ್ದ. ಕೇಳುತ್ತಿದ್ದಾನೋ ಇಲ್ಲವೋ ಎಂದು ಅವಳು ಆಗಾಗ ಪರೀಕ್ಷೆ ಇಡುವುದೂ ಇತ್ತು. ಏನೋ ಹೇಳುತ್ತ ಹೇಳುತ್ತ ನಡುವೆ, ಆಮೇಲೆ ಆ ಬೆಕ್ಕು ತಾನೇ ಬಸ್ ಓಡಿಸ್ಕೊಂಡು ಹೋಯ್ತಂತೆ, ಎಂದು ಸೇರಿಸುವಳು. ಅವನು ಅದಕ್ಕೂ ಹೂಂ ಎನ್ನುವನು. ಅವಳು ಸ್ಟೂಲಿನಿಂದ ಬೀಳುವಷ್ಟು ನಗುವಳು.

ಇಷ್ಟೊಂದು ಮಾತಾಡುವವಳಿಗೆ ಇಂಥ ಮೂಕಬಸವ ಗಂಟುಬಿದ್ದನಲ್ಲ ಎಂದು ಯಾರಾದರೂ ಛೇಡಿಸಿದರೆ ಅವಳ ಉತ್ತರ ತಯಾರಿರುತ್ತಿತ್ತು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಸರಿಯಾಗೇ ಇದೆ. ನಮ್ಮನೆ ಬಂಗಾರ ಮೇಜಿನ ಹಿಂದೆ ಭದ್ರವಾಗಿ ನಿಂತಿರುತ್ತೆ. ಬೆಳ್ಳಿ ಬೀದಿ ಅಲೆದು ಬಟ್ಟೆ ತರುತ್ತೆ."

ಅಂಥ ಬೆಳ್ಳಿ ಒಂದು ಬೆಳಿಗ್ಗೆ ಯಾರದೋ ಮನೆಯ ಮೆಟ್ಟಿಲ ಮೇಲೆ ಗಂಟಿನ ಸಮೇತ ಕುಸಿದು ಕೂತಿತು. ಕೆಮ್ಮು ಜ್ವರ ಇದ್ದದ್ದು ನಿಜ, ಆದರೆ ಕೆಮ್ಮಿನ ನಡುವೆಯೂ ಅವಳ ಮಾತು ನಿಂತಿರಲಿಲ್ಲವಾದ್ದರಿಂದ ಅವನು ಅದನ್ನು ದೊಡ್ಡದಾಗಿ ಎಣಿಸಿರಲಿಲ್ಲ. ಆಸ್ಪತ್ರೆಗೆ ತಲುಪುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ಎರಡೂ ಶ್ವಾಸಕೋಶಕ್ಕೆ ಸೋಂಕು ಹತ್ತಿದೆ ಎಂದರು, ನಿದ್ದೆಯ ಔಷಧಿ ಕೊಟ್ಟು ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕುತ್ತೇವೆ ಎಂದರು. ಅವನು ಎಲ್ಲದಕ್ಕೂ ಹೂಂ ಎಂದ. ಬೇರೇನು ಎನ್ನಬಹುದಿತ್ತು ಎಂದು ಅವನಿಗೆ ಆಮೇಲೂ ಹೊಳೆಯಲಿಲ್ಲ.

ಐಸಿಯು ಬಾಗಿಲ ಹೊರಗೆ ಕಾಯುವವರ ಹಾಲ್. ನೆಲಕ್ಕೆ ಬೋಲ್ಟು ಹಾಕಿದ ಉಕ್ಕಿನ ಕುರ್ಚಿಗಳು ಎರಡು ಸಾಲು. ಕಿಟಕಿಯ ಕಟ್ಟೆಯ ಮೇಲೆ ಯಾರದೋ ಫ್ಲಾಸ್ಕು, ಯಾರದೋ ಒಣಗಲು ಹಾಕಿದ ಟವೆಲು. ಅವನು ಬಂದವನೇ ಖಾಲಿ ಕಂಡ ಕುರ್ಚಿಯಲ್ಲಿ ಕೂತ. ಅದೊಂದರ ಬೋಲ್ಟು ಕಳಚಿತ್ತು, ಕುರ್ಚಿ ಹಿಂದಕ್ಕೆ ಮಗುಚಿ ಅವನ ಕಾಲೆರಡೂ ಮೇಲಕ್ಕೆ ಎದ್ದವು.

ಎದುರು ಕೂತಿದ್ದ ನರೆತ ಮೀಸೆಯವನು ಎದ್ದು ಬಂದು ಅವನನ್ನು ಹಿಡಿದು ಎಬ್ಬಿಸಿದ. "ಆ ಸೀಟು ಯಾವಾಗಲೂ ಹೊಸಬರಿಗೇ ರಿಸರ್ವು. ನಾವೂ ಬಿದ್ದೇ ಬಂದವರು. ಈ ಕಡೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ."

ಅವನು ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಹೆಂಡತಿಗೆ ತಲೆಯೊಳಗೆ ರಕ್ತನಾಳ ಒಡೆದು ಅವಳು ಒಳಗೆ ಮಲಗಿ ಬಹಳ ದಿನವಾಗಿತ್ತು. ಹಾಲನ್ನು ಅವನು ತನ್ನ ಬಸ್ಸು ಮಾಡಿಕೊಂಡಿದ್ದ. ಹೊಸಬರಿಗೆ ಸೀಟು ತೋರಿಸುವುದು, ನೀರು ಎಲ್ಲಿ, ಕಕ್ಕಸು ಎಲ್ಲಿ ಎಂದು ಹೇಳುವುದು, ನೋಡಲು ಬಿಡುವ ಹೊತ್ತಿಗೆ ಬಾಗಿಲು ತೆರೆದರೆ ಐದನೇ ಹಾಸಿಗೆಯವರು ಇಳೀರಿ ಎಂದು ಕೂಗುವುದು, ಎಲ್ಲರೂ ಒಳಗೆ ಹೋದ ಮೇಲೆ ಬಾಗಿಲನ್ನು ಎರಡು ಸಲ ತಟ್ಟಿ ರೈಟ್ ಎನ್ನುವುದು, ಎಲ್ಲ ಅವನದೇ. ಗಾರ್ಡು ಮೊದಮೊದಲು ಸಿಡುಕಿದನಂತೆ. ಈಗ ಅವನೂ ಆ ರೈಟ್ ಬಾರದೆ ಬಾಗಿಲು ಮುಚ್ಚುತ್ತಿರಲಿಲ್ಲ. ನಿಮ್ಮವರು ಹೇಗಿದ್ದಾರೆ ಎಂದು ಇಸ್ತ್ರಿಯಣ್ಣ ಕೇಳಿದ್ದಕ್ಕೆ ಕಂಡಕ್ಟರ್ ಮೀಸೆ ಸವರಿಕೊಂಡು, ನಮ್ಮ ಗಾಡಿ ಇನ್ನೂ ಡಿಪೋ ಬಿಟ್ಟಿಲ್ಲ, ಎಂಜಿನ್ ಆನ್ ಇದೆ ಅಷ್ಟೆ, ಎಂದ.

ಆ ಪಕ್ಕದ ಕುರ್ಚಿ ಒಬ್ಬ ಸೊಸೆಯದು. ಅತ್ತೆಗೆ ಹೃದಯದ ಕಾಯಿಲೆ. ಮನೆಯಲ್ಲಿ ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆದರೆ ಮಗ ಬಂದು ಗಡಿಯಾರ ನೋಡಿ ಹೋಗುತ್ತಿದ್ದ, ಸೊಸೆ ಮಾತ್ರ ಜಾಗ ಬಿಟ್ಟು ಕದಲುತ್ತಿರಲಿಲ್ಲ. "ಒಳಗೆ ಹೋಗಿ ಅತ್ತೆ ಕಿವೀಲಿ ಹೇಳ್ದೆ, ನಿಮ್ಮ ಅಡುಗೆಮನೆ ಡಬ್ಬ ಎಲ್ಲಾ ಜಾಗ ಬದಲಾಯಿಸಿಬಿಟ್ಟೆ ಅಂತ. ಅದಕ್ಕೂ ಕಣ್ಣು ಬಿಡ್ಲಿಲ್ಲ. ಕಾಯಿಲೆ ಜೋರೇ ಇದೆ ಅಣ್ಣಾ," ಎಂದು ಅವಳು ಗಂಭೀರವಾಗಿ ಹೇಳಿದಾಗ ನಗಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಹೇಳಿದವಳೇ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು.

ಅವನಿಗೆ ಕೂರಲಾಗುತ್ತಿರಲಿಲ್ಲ. ನೊಗ ಕಳಚಿದ ಎತ್ತು ಹಟ್ಟಿಯಲ್ಲಿ ಕಾಲು ಕೆದರುವ ಹಾಗೆ ಅವನ ಕೈ ಏನನ್ನಾದರೂ ಹುಡುಕುತ್ತಿತ್ತು. ತನ್ನ ಪ್ಯಾಂಟಿನ ಮಡಿಕೆ ನೀವಿದ. ಯಾರೋ ಬಿಟ್ಟುಹೋದ ಪೇಪರನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ತೀಡಿ ತೀಡಿ ಮಡಿಸಿದ. ಆಮೇಲೆ ಸೊಸೆ ಸಣ್ಣಗೆ ಕೆಮ್ಮಿ, ಅಣ್ಣಾ ಅದು ನನ್ನ ಚೀಲ, ಎಂದಾಗಲೇ ಅವನಿಗೆ ಗೊತ್ತಾದದ್ದು, ಇಷ್ಟು ಹೊತ್ತು ಅವಳ ಬಟ್ಟೆಚೀಲದ ಸುಕ್ಕು ಬಿಡಿಸುತ್ತಿದ್ದೇನೆ ಎಂದು. ಕೈ ಹಿಂದೆ ತೆಗೆದುಕೊಂಡ. ಅವಳು ಚೀಲವನ್ನು ಅವನ ಕಡೆಗೇ ಸರಿಸಿ, ಇರಲಿ ಬಿಡಿ, ಆ ಮೂಲೆನೂ ಮಾಡಿ, ಎಂದಳು. ಆ ದಿನದಿಂದ ಅವಳ ಊಟದ ಡಬ್ಬಿಯಲ್ಲಿ ಅವನಿಗೂ ಪಾಲು ಇರುತ್ತಿತ್ತು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಬಿಡುತ್ತಿದ್ದರು. ಹೆಂಡತಿ ಐದನೇ ಹಾಸಿಗೆಯಲ್ಲಿದ್ದಳು. ಬಾಯಿಯ ಒಂದು ಕಡೆಗೆ ಕೊಳವೆ, ಅದನ್ನು ಹಿಡಿದಿಟ್ಟ ಪಟ್ಟಿ ಕೆನ್ನೆಯನ್ನು ಎಳೆದಿತ್ತು. ಯಂತ್ರ ಉಸಿರು ಒತ್ತಿದಾಗ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಅವನ ಮನೆಯಲ್ಲಿ ಇಷ್ಟು ಹೊತ್ತು ಇಷ್ಟು ಸದ್ದಿಲ್ಲದೆ ಅವಳು ಇದ್ದದ್ದೇ ಇಲ್ಲ. ನಿದ್ದೆಯಲ್ಲೂ ಬಡಬಡಿಸುತ್ತಿದ್ದವಳು.

ಕೆಲವು ದಿನ ಕಳೆದ ಮೇಲೆ ಸೋಂಕು ಇಳಿಯಿತು ಎಂದರು. ನಿದ್ದೆಯ ಔಷಧಿ ನಿಲ್ಲಿಸಿದರು. ಅವಳು ಏಳಲಿಲ್ಲ. ಮಾತಾಡಿಸಿ, ಮನೆಯವರ ದನಿ ಕಿವಿಗೆ ಬಿದ್ದರೆ ಕೆಲವು ಸಲ ಎಚ್ಚರವಾಗುತ್ತಾರೆ, ಎಂದಳು ಐದನೇ ಹಾಸಿಗೆಯ ನರ್ಸಮ್ಮ. ಅವನು ಹಾಸಿಗೆಯ ಪಕ್ಕ ನಿಂತ. ಗಂಟಲು ಸರಿಮಾಡಿಕೊಂಡ. ನರ್ಸಮ್ಮ ಕಾದಳು.

"ಹೂಂ," ಎಂದ.

ಅಷ್ಟೇನಾ ಎನ್ನುವ ಹಾಗೆ ಅವಳು ನೋಡಿದಳು.

"ಅವಳು ಮಾತಾಡೋದು, ನಾನು ಹೂಂ ಅನ್ನೋದು ಸಿಸ್ಟರ್. ಅವಳೇ ಸುಮ್ಮನಾದ್ರೆ ನಾನು ಯಾವುದಕ್ಕೆ ಅಂತ ಹೂಂ ಅನ್ಲಿ?"

ಆ ಸಂಜೆ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಕೂರಿಸಿ ನಿಧಾನವಾಗಿ ಹೇಳಿದರು. ಒಳ್ಳೆಯ ಮನುಷ್ಯ, ಅವಸರವಿಲ್ಲದವರು. ಕೊಳವೆಯನ್ನು ಬಾಯಲ್ಲಿ ಬಹಳ ದಿನ ಬಿಡುವ ಹಾಗಿಲ್ಲ. ಅವರು ಎಚ್ಚರಾಗಿ, ನಾವು ಹೇಳಿದ್ದು ಅರ್ಥವಾಗುತ್ತಿದೆ ಎಂದು ಒಂದು ಸಣ್ಣ ಸೂಚನೆ ಕೊಟ್ಟರೂ ತೆಗೆದು ನೋಡಬಹುದು. ಇಲ್ಲವಾದರೆ ಗಂಟಲ ಮುಂದೆ ರಂಧ್ರ ಮಾಡಿ ಅಲ್ಲಿಂದ ಉಸಿರು ಕೊಡಬೇಕಾಗುತ್ತದೆ. ನಾಳಿದ್ದು ತೀರ್ಮಾನ ಮಾಡೋಣ. ಗುಣವಾದ ಮೇಲೆ ರಂಧ್ರ ಮುಚ್ಚುತ್ತದೆ, ಮಾತು ತಿರುಗಿ ಬರುವುದೂ ಉಂಟು ಎಂದೂ ಡಾಕ್ಟರು ಹೇಳಿದ್ದರು. ಆದರೆ ಗಂಟಲಿಗೆ ರಂಧ್ರ ಎಂದ ಮೇಲೆ ಅವನ ಕಿವಿ ಮುಂದಕ್ಕೆ ಹೋಗಿರಲೇ ಇಲ್ಲ. ಬೆಳ್ಳಿ ಬೆಳ್ಳಿ ಎಂದು ಬೀದಿಯೆಲ್ಲ ಮೊಳಗುತ್ತಿದ್ದ ಗಂಟಲು ಅದು. ಡಾಕ್ಟರ ಎದುರು ಹೂಂ ಎನ್ನಲು ಹೋದ. ಬರಲಿಲ್ಲ.

ಹಾಲಿಗೆ ಬಂದು ಕಂಡಕ್ಟರಿಗೂ ಸೊಸೆಗೂ ಇದ್ದದ್ದನ್ನು ಹೇಳಿದ. ನಾಳೆ ಒಂದು ದಿನ ಇದೆಯಲ್ಲ ಎಂದ ಕಂಡಕ್ಟರ್. ಮಾತಾಡಿಸಿ ನೋಡಬೇಕು, ಮಾತು ಬರದಿದ್ದರೆ ಕಲಿಯಬೇಕು, ಡ್ರೈವಿಂಗ್ ಕಲಿಯೋದಿಲ್ವಾ ಹಾಗೆ. ಸೊಸೆಯ ಶಾಲನ್ನು ಎರವಲು ಪಡೆದು ಎದೆಯ ಮೇಲೆ ಹೊದ್ದುಕೊಂಡು, ಉದ್ದಕ್ಕೆ ಮೂರು ಕುರ್ಚಿಗಳ ಮೇಲೆ ಮಲಗಿ ಕಣ್ಣು ಮುಚ್ಚಿದ. ನಾನೀಗ ನಿನ್ನ ಹೆಂಡತಿ, ಶುರುಮಾಡು, ಎಂದ. ಮೀಸೆ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು.

ಸೊಸೆ ಒಂದೊಂದೇ ಮಾತು ಹೇಳಿಕೊಟ್ಟಳು. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ. ಬೇಗ ಎದ್ದು ಬಾ. ನೀನೇ ನನ್ನ ಪ್ರಾಣ. ಪ್ರಾಣದ ಹತ್ತಿರ ಬಂದಾಗ ಇಸ್ತ್ರಿಯಣ್ಣನ ಕಿವಿ ಕೆಂಪಾಗಿ, ಅದೊಂದು ಬಿಟ್ಟುಬಿಡೋಣ ಎಂದ. ಮಲಗಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡೇ, ಬಿಟ್ಟರೆ ನಾನು ತವರಿಗೆ ಹೋಗುತ್ತೇನೆ ಎಂದಳು. ದಪ್ಪ ದನಿಯ ಆ ಮಾತಿಗೆ ಹಾಲಿಗೆ ಹಾಲೇ ನಕ್ಕಿತು. ಗಾರ್ಡು ಇಣುಕಿ ನೋಡಿ ತುಟಿಯ ಮೇಲೆ ಬೆರಳಿಟ್ಟ, ಆಮೇಲೆ ಏನಾಯ್ತು ಎಂದು ತಾನೂ ಕೇಳಿದ.

ಮರುದಿನ ಬೆಳಿಗ್ಗೆ ಅವನು ಒಳಗೆ ಹೋಗಿ ಕಲಿತದ್ದನ್ನೆಲ್ಲ ಒಪ್ಪಿಸಿದ. ಪ್ರಾಣವನ್ನೂ ಬಿಡಲಿಲ್ಲ. ನರ್ಸಮ್ಮ ಗೋಡೆಯ ಕಡೆ ತಿರುಗಿ ಏನನ್ನೋ ಸರಿಪಡಿಸುತ್ತಿದ್ದಳು, ಅವಳ ಭುಜ ಅಲುಗುತ್ತಿತ್ತು. ಹೆಂಡತಿಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಹೆಸರು ಹಿಡಿದು ಕರೆದು ನೋಡಿ, ಎಂದಳು ನರ್ಸಮ್ಮ. ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಏನೇ, ನೋಡೇ, ಬಾರೇ, ಅಷ್ಟರಲ್ಲೇ ಸಂಸಾರ ಸಾಗಿತ್ತು. ಆದರೂ ಬಗ್ಗಿ ಕಿವಿಯ ಹತ್ತಿರ ಹೆಸರು ಹೇಳಿದ. ಅವನಿಗೇ ಅದು ಯಾರೋ ಪಕ್ಕದ ಮನೆಯವರನ್ನು ಕರೆದ ಹಾಗೆ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿರಬೇಕು. ಏಳಲಿಲ್ಲ.

ಅವನು ಹೊರಗೆ ಬಂದ. ಕಂಡಕ್ಟರ್ ಅವನ ಮುಖ ನೋಡಿ, ಅಂಗಡಿಗಾದರೂ ಹೋಗಿ ಬಾ, ಇಲ್ಲಿ ಗೋಡೆ ನೋಡಿ ನೋಡಿ ಗೋಡೆಯೇ ಸವೆಯುತ್ತೆ, ಎಂದು ಅವನನ್ನು ಎಬ್ಬಿಸಿ ಕಳಿಸಿದ.

ಅಂಗಡಿಯ ಮುಂದೆ ಇಬ್ಬರು ಕಾಯುತ್ತಿದ್ದರು. ಒಬ್ಬ ಬೇಕರಿಯವನ ಕೆಲಸದವನು, ಇನ್ನೊಬ್ಬಳು ಹಲ್ಲಿನ ಡಾಕ್ಟರ ಮನೆಯ ಅಡುಗೆಯವಳು. ಇಬ್ಬರಿಗೂ ಬೇಕಾದದ್ದು ಬಿಳಿ ಕೋಟುಗಳು. ಅವು ಇಸ್ತ್ರಿಯಾಗಿ, ಅವಳು ಹಾಸಿಗೆ ಹಿಡಿಯುವ ಮುಂಚಿನಿಂದಲೂ ಮೊಳೆಯಲ್ಲಿ ನೇತಾಡುತ್ತಿದ್ದವು. ಒಂದು ಗಂಟಿನ ಕೋಟುಗಳ ಕಾಲರಿನ ಒಳಗೆ ಕೆಂಪು ದಾರ, ಇನ್ನೊಂದರಲ್ಲಿ ಕಪ್ಪು ದಾರ. ಯಾವುದು ಯಾರದು? ಅವಳು ಎಷ್ಟೋ ಸಲ ಹೇಳಿದ್ದಳು. ಅವನು ಎಷ್ಟೋ ಸಲ ಹೂಂ ಎಂದಿದ್ದ.

ಬಿಚ್ಚಿ ಅಳತೆ ನೋಡಿದ್ದರೆ ನಿಮಿಷದಲ್ಲಿ ತೀರುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವನಿಗೆ ಅವಳ ಹಾಗೆ ಯೋಚಿಸಬೇಕೆಂದು ಹಟ ಬಂತು. ಅವಳು ಯಾಕೆ ಕೆಂಪು ಹಾಕಿರಬಹುದು? ಬೇಕರಿ ಎಂದರೆ ಒಲೆ, ಒಲೆ ಎಂದರೆ ಬೆಂಕಿ, ಬೆಂಕಿ ಎಂದರೆ ಕೆಂಪು. ಹಲ್ಲಿನ ಡಾಕ್ಟರು ಎಂದರೆ ಹುಳುಕು ಹಲ್ಲು, ಹುಳುಕು ಹಲ್ಲು ಕಪ್ಪು. ಎಲ್ಲ ಸರಿಹೋಯಿತು. ಕೆಂಪನ್ನು ಬೇಕರಿಗೂ ಕಪ್ಪನ್ನು ಡಾಕ್ಟರಿಗೂ ಕೊಟ್ಟು, ಇಷ್ಟು ವರ್ಷಕ್ಕೆ ಅವಳ ತಲೆಯೊಳಗೆ ಒಮ್ಮೆ ಹೊಕ್ಕು ಬಂದೆನಲ್ಲ ಎಂದು ಅವನಿಗೆ ಒಂದು ಥರ ಸಮಾಧಾನವೇ ಆಯಿತು.

ಆ ಸಮಾಧಾನ ಮಾರನೆಯ ಬೆಳಿಗ್ಗೆಯವರೆಗೆ ಉಳಿಯಿತು. ಅದು ಆಸ್ಪತ್ರೆಯ ಡಾಕ್ಟರು ತೀರ್ಮಾನಕ್ಕೆಂದು ಹೇಳಿದ ದಿನ. ಬಟ್ಟೆ ಬದಲಿಸಲು ಅಂಗಡಿಯ ಹಿಂದಿನ ಮನೆಗೆ ಹೋಗಿದ್ದವನನ್ನು ಬೇಕರಿಯವನು ಬಾಗಿಲಲ್ಲೇ ತಡೆದ. ಅವನ ಮೈಕಟ್ಟು ಗುಡಾಣದಂಥದು. ಹಲ್ಲಿನ ಡಾಕ್ಟರೋ ಗಾಳಿಗೆ ಹಾರುವ ಹಾಗಿರುವವರು. ಅವರ ಕೋಟಿನೊಳಗೆ ಬೇಕರಿಯವನ ತೋಳು ಅರ್ಧ ಹೋಗಿ ಸಿಕ್ಕಿಹಾಕಿಕೊಂಡಿತ್ತು, ಕೈ ಕೆಳಗಿಳಿಸಲಾಗದೆ ಬೆದರುಬೊಂಬೆಯ ಹಾಗೆ ನಿಂತಿದ್ದ. ಇಸ್ತ್ರಿಯಣ್ಣ ಬೆನ್ನ ಹಿಂದೆ ನಿಂತು ಎಳೆದು ಎಳೆದು ಕೋಟು ಬಿಡಿಸಬೇಕಾಯಿತು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಹಲ್ಲಿನ ಡಾಕ್ಟರೂ ಬಂದರು. ಬೇಕರಿಯವನ ಕೋಟು ಅವರ ಮೊಣಕಾಲು ದಾಟಿ, ತೋಳು ಬೆರಳು ನುಂಗಿ, ನಡೆದು ಬರುತ್ತಿರುವ ಡೇರೆಯ ಹಾಗಿತ್ತು.

ಇಬ್ಬರೂ ಬೈಯಲೆಂದೇ ಬಂದವರು. ಅವಳು ಎಲ್ಲಿ ಎಂದು ಕೇಳಿದರು, ಇನ್ನೂ ಎದ್ದಿಲ್ಲ ಎಂದು ಗೊತ್ತಾಯಿತು, ಬೈಗುಳ ಅಲ್ಲೇ ಆರಿಹೋಯಿತು. ಬೇಕರಿಯವನು ನೆಲ ನೋಡುತ್ತ, ಕಪ್ಪು ನಂದು ಇಸ್ತ್ರಿಯಣ್ಣ, ಹಿಟ್ಟು ಮೆತ್ತಿದ ಬಟ್ಟೇಲಿ ಬೇರೆ ಬಣ್ಣ ಕಾಣಲ್ಲ ಅಂತ ಅಕ್ಕನೇ ಹೇಳಿದ್ರಲ್ಲ, ಎಂದ. ಹಲ್ಲಿನ ಡಾಕ್ಟರು, ನಿಮ್ಮ ಮನೆಯವರ ದವಡೆ ಹಲ್ಲು ಕಿತ್ತಾಗ ಬಂದ ರಕ್ತಕ್ಕೆ ಕೆಂಪು ಇಟ್ಟಿದ್ದು, ವರ್ಷಗಟ್ಟಲೆ ಅದನ್ನೇ ಹೇಳಿ ನನ್ನನ್ನು ರೇಗಿಸುತ್ತಾರೆ, ಎಂದರು. ಬೀದಿಗೆಲ್ಲ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ. ಬೇಕರಿಯವನು ಹೋಗಿ ಒಂದು ದೊಡ್ಡ ಪೊಟ್ಟಣ ತುಂಬ ಬನ್ನು ತಂದು ಅವನ ಕೈಗೆ ತುರುಕಿದ.

ಆಸ್ಪತ್ರೆಯ ಹಾಲ್‌ನಲ್ಲಿ ಎಲ್ಲರಿಗೂ ಬನ್ನು ಹಂಚಿದ. ಎಲ್ಲಿಂದ ಬಂತು ಎಂದು ಕೇಳಿದವರಿಗೆ ಹೇಳಲೇಬೇಕಾಯಿತು. ಹೇಳುವುದು ಅವನಿಗೆ ಬರುತ್ತಿರಲಿಲ್ಲ, ಆದರೆ ಕೋಟು ಎಳೆದದ್ದನ್ನು ಕೈಯಲ್ಲಿ ಎಳೆದು ತೋರಿಸಿದ, ಹಲ್ಲಿನ ಡಾಕ್ಟರು ಬಂದದ್ದನ್ನು ತೋಳು ಜೋಲಾಡಿಸಿ ತೋರಿಸಿದ. ಸೊಸೆಗೆ ಬನ್ನು ನೆತ್ತಿಗೆ ಹತ್ತಿತು. ಆ ಕೋಟು ನೋಡಿ ಯಾರೋ ಹಲ್ಲಿನ ಆಸ್ಪತ್ರೆಗೆ ಬಂದು ಎರಡು ರಸ್ಕು ಕೊಡಿ ಅಂದಿರ್ತಾರೆ, ಎಂದು ಕಂಡಕ್ಟರ್ ಸೇರಿಸಿದ. ತಾನು ಹೇಳಿದ್ದಕ್ಕೆ ಇಷ್ಟು ಜನ ನಗುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದು. ನಗುತ್ತಿದ್ದವರ ಮುಖಗಳನ್ನೇ ನೋಡುತ್ತ ಅವನಿಗೆ, ಇದನ್ನು ಅವಳು ಹೇಳಬೇಕಿತ್ತು, ನಾನು ಹೂಂ ಅನ್ನಬೇಕಿತ್ತು, ಎಂದು ಅನ್ನಿಸಿತು.

ಕಂಡಕ್ಟರ್ ಹತ್ತಿರ ಬಂದ. "ಪ್ರಾಣ ಗೀಣ ಎಲ್ಲಾ ಬಿಡು. ಇದನ್ನೇ ಒಳಗೆ ಹೋಗಿ ಹೇಳು."

ಬಾಗಿಲು ತೆರೆಯಿತು. ಅವನು ಹಾಸಿಗೆಯ ಪಕ್ಕ ನಿಂತ. ಅವಳ ಮುಖ ನೋಡಿದರೆ ಮಾತು ಬರುವುದಿಲ್ಲವೆಂದು ಗೊತ್ತಿದ್ದರಿಂದ ಹೊದಿಕೆಯ ಅಂಚನ್ನು ನೋಡಿದ. ಅದು ಸುಕ್ಕಾಗಿತ್ತು. ಅಂಗೈಯಿಂದ ತೀಡುತ್ತ, ಅಂಗಡಿಯಲ್ಲಿ ನಿಂತ ಹಾಗೇ ನಿಂತು, ಕೋಟಿನ ಕತೆ ಶುರುಮಾಡಿದ.

"ನೋಡೇ, ನೀನು ಕೆಂಪು ದಾರ ಹಾಕಿದ್ದೆಯಲ್ಲ, ಅದನ್ನ ಬೇಕರಿಯವನಿಗೆ ಕೊಟ್ಟೆ. ಬೇಕರಿ ಅಂದ್ರೆ ಒಲೆ. ಒಲೆ ಅಂದ್ರೆ ಕೆಂಪು. ಕಪ್ಪು ಹಲ್ಲಿನ ಡಾಕ್ಟರಿಗೆ. ನನ್ನ ಲೆಕ್ಕ ಸರಿ ತಾನೆ?"

ಕೈ ಹೊದಿಕೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಯಿತು. ಅವನು ಮುಂದಿನದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಅವನ ತೋಳು ಹಿಡಿದಳು. ಇನ್ನೊಂದು ಸಲ ಹೇಳಿ, ಮುಖ ನೋಡಿಕೊಂಡು ಹೇಳಿ, ಎಂದಳು.

ಹೇಳಿದ. ಹೆಂಡತಿಯ ಹುಬ್ಬುಗಳ ನಡುವೆ ಒಂದು ಗಂಟು ಬಿತ್ತು. ಅವನಿಗೆ ಚೆನ್ನಾಗಿ ಗೊತ್ತಿದ್ದ ಗಂಟು ಅದು. ಕಾಲರು ಸುಟ್ಟ ದಿನ ಬೀಳುತ್ತಿದ್ದದ್ದು, ಬೆಕ್ಕು ಬಸ್ಸು ಓಡಿಸಿದ್ದಕ್ಕೂ ಅವನು ಹೂಂ ಎಂದಾಗ, ನಗುವ ಮುಂಚೆ ಬೀಳುತ್ತಿದ್ದದ್ದು. ಆಮೇಲೆ ತಲೆ, ಕೊಳವೆ ಬಿಟ್ಟಷ್ಟು ಮಾತ್ರ, ಎಡಕ್ಕೆ ಸರಿಯಿತು. ಬಲಕ್ಕೆ ಸರಿಯಿತು.

ಅವನು ಹಾಸಿಗೆಯ ಕಂಬಿ ಹಿಡಿದುಕೊಂಡ.

ನರ್ಸಮ್ಮ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಕೈ ಹಿಡೀರಿ ಎಂದರು ಡಾಕ್ಟರು, ಅವಳು ಹಿಡಿಯಲಿಲ್ಲ. ಕಣ್ಣು ಬಿಡಿ ಎಂದರು, ಬಿಡಲಿಲ್ಲ. ಡಾಕ್ಟರು ನಿಟ್ಟುಸಿರಿಟ್ಟು, ಏನದು ನೀವು ಹೇಳಿದ್ದು ಎಂದು ಅವನನ್ನು ಕೇಳಿದರು. ಅವನು ದಾರದ ವಿಷಯ ಹೇಳಿದ. ಡಾಕ್ಟರು ಅದನ್ನು ಎರಡು ಸಲ ಕೇಳಿ ಮನದಟ್ಟು ಮಾಡಿಕೊಂಡು, ಬಗ್ಗಿ, ಬಹಳ ಗಂಭೀರವಾಗಿ ವಿಚಾರಿಸಿದರು.

"ಅಮ್ಮಾ, ಕೆಂಪು ದಾರ ಬೇಕರಿಯವರದ್ದಾ?"

ತಲೆ ಎಡಕ್ಕೆ, ಬಲಕ್ಕೆ.

"ಹಾಗಾದರೆ ಕಪ್ಪು ಬೇಕರಿಯವರದ್ದಾ?"

ತಲೆ ಅಲುಗಲಿಲ್ಲ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಸೇರಿ, ದಾರದ ತುದಿ ಹಿಡಿದು ಹೊಸೆಯುವ ಹಾಗೆ ಒಮ್ಮೆ ತಿಕ್ಕಿಕೊಂಡವು. ಆಮೇಲೆ ಕೈ ಸಡಿಲವಾಯಿತು. ಅವಳು ಮತ್ತೆ ಮುಳುಗಿಹೋದಳು.

ಡಾಕ್ಟರು ನೆಟ್ಟಗಾಗಿ ಕನ್ನಡಕ ಸರಿಮಾಡಿಕೊಂಡರು. ರಂಧ್ರ ಸದ್ಯಕ್ಕೆ ಬೇಡ, ಕಾದು ನೋಡೋಣ, ಎಂದರು. ಕೊಳವೆ ಯಾವಾಗ ತೆಗೆಯಬಹುದು, ತೆಗೆದ ಮೇಲೆ ಉಸಿರು ತಾನಾಗಿ ನಡೆಯುತ್ತದೋ ಇಲ್ಲವೋ, ದನಿ ಹೇಗಿರುತ್ತದೋ, ಯಾವುದನ್ನೂ ಈಗ ಹೇಳಲಾಗುವುದಿಲ್ಲ. ಒಂದು ಮಾತ್ರ ಹೇಳಬಹುದು, ಅವರು ಒಳಗೆ ಇದ್ದಾರೆ.

ಇದ್ದಾರೆ ಎಂಬ ಆ ಒಂದು ಮಾತನ್ನು ತುಂಬಿದ ಕೊಡದ ಹಾಗೆ ತುಳುಕದಂತೆ ಹಿಡಿದುಕೊಂಡು ಅವನು ಹೊರಗೆ ಬಂದ. ಕಂಡಕ್ಟರಿಗೆ ಹೇಳಬೇಕಿತ್ತು. ಕಂಡಕ್ಟರ್ ತನ್ನ ಕುರ್ಚಿಯಲ್ಲಿರಲಿಲ್ಲ. ಕಿಟಕಿಯ ಕಟ್ಟೆಯಿಂದ ತನ್ನ ಫ್ಲಾಸ್ಕು, ಟವೆಲು ತೆಗೆದು ಚೀಲಕ್ಕೆ ಹಾಕುತ್ತಿದ್ದ. ಪಕ್ಕದಲ್ಲಿ ಸೊಸೆ ಚೀಲದ ಬಾಯಿ ಅಗಲ ಮಾಡಿ ಹಿಡಿದು ನಿಂತಿದ್ದಳು, ಅವಳ ಮುಖ ಬೇರೆ ಕಡೆಗಿತ್ತು.

ಏನಾಯಿತು ಎಂದು ಮೊದಲು ಕೇಳಿದವನು ಕಂಡಕ್ಟರೇ. ಇಸ್ತ್ರಿಯಣ್ಣ ಹೇಳಿದ, ಡಾಕ್ಟರು ದಾರ ವಿಚಾರಿಸಿದ್ದನ್ನೂ ಹೇಳಿದ. ಕಂಡಕ್ಟರ್ ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಟವೆಲನ್ನು ಇನ್ನೊಮ್ಮೆ ಮಡಿಸಿದ. ಮನೆಗೆ ಕರ್ಕೊಂಡು ಹೋಗಿ ಅಂದ್ರು, ಇನ್ನು ಇಲ್ಲಿ ಮಾಡೋದೇನೂ ಇಲ್ಲವಂತೆ, ಎಂದ. ಅವನು ಅದನ್ನು ಮುಂದಿನ ಸ್ಟಾಪು ಹೇಳುವ ದನಿಯಲ್ಲೇ ಹೇಳಿದ.

ಇಸ್ತ್ರಿಯಣ್ಣ ಕಂಡಕ್ಟರನ ಕೈಯಿಂದ ಟವೆಲು ತೆಗೆದುಕೊಂಡು, ಕುರ್ಚಿಯ ಮೇಲೆ ಹರವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ ಕೊಟ್ಟ. ಕೆಳಗೆ ಗಾಡಿ ಬರುವವರೆಗೆ ಇಬ್ಬರೂ ಕೂತರು. ಕಂಡಕ್ಟರ್ ಹೆಂಡತಿಯ ವಿಷಯ ಹೇಳತೊಡಗಿದ. ಅವಳಿಗೆ ಬಸ್ಸು ಹತ್ತಿದರೆ ವಾಂತಿಯಾಗುತ್ತಿತ್ತಂತೆ, ಕಂಡಕ್ಟರನ ಹೆಂಡತಿಯಾಗಿಯೂ ತವರಿಗೆ ನಡೆದೇ ಹೋಗುತ್ತಿದ್ದಳಂತೆ. ಅವನು ರಜೆ ಹಾಕಿ ಅವಳ ಹಿಂದೆ ಹಿಂದೆ ನಡೆಯುತ್ತಿದ್ದನಂತೆ. ಇಸ್ತ್ರಿಯಣ್ಣ ಹೂಂ ಎಂದ. ಈ ಸಲ ಒಂದು ಮಾತನ್ನೂ ಬಿಡದೆ ಕೇಳಿ ಹೂಂ ಎಂದ.

ಕಂಡಕ್ಟರನ ಹೆಂಡತಿಯನ್ನು ಆಂಬುಲೆನ್ಸಿಗೆ ಏರಿಸಿದರು. ಕಂಡಕ್ಟರ್ ಹಿಂದಿನ ಬಾಗಿಲಿಂದ ಹತ್ತಿ ಅವಳ ಕಾಲ ಬಳಿ ಕೂತ. ಅಭ್ಯಾಸಬಲದಿಂದ ಕೈ ಮೇಲಕ್ಕೆ ಹೋಗಿ ಹಗ್ಗ ಹುಡುಕಿ, ಸಿಗದೆ, ತೊಡೆಯ ಮೇಲೆ ಬಿತ್ತು. ಇಸ್ತ್ರಿಯಣ್ಣ ಬಾಗಿಲು ಮುಚ್ಚಿದ. ಗಾಡಿ ಹೊರಡಲಿಲ್ಲ, ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ. ಸೊಸೆಯೂ ಗಾರ್ಡೂ ನೋಡುತ್ತಿದ್ದರು. ಅವನು ಬಾಗಿಲನ್ನು ಎರಡು ಸಲ ತಟ್ಟಿದ.

"ರೈಟ್," ಎಂದ. ಗಾಡಿ ಹೊರಟಿತು.

ಸಂಜೆ ಬಾಗಿಲು ತೆರೆದಾಗ ಐದನೇ ಹಾಸಿಗೆಯವರು ಇಳೀರಿ ಎನ್ನುವವರು ಇರಲಿಲ್ಲ. ಅವನು ತಾನಾಗಿ ಎದ್ದು ಒಳಗೆ ಹೋದ. ಹೆಂಡತಿ ಬೆಳಿಗ್ಗೆ ಬಿಟ್ಟುಹೋದಲ್ಲೇ ಮಲಗಿದ್ದಳು. ಯಂತ್ರ ಉಸಿರು ಒತ್ತುತ್ತಿತ್ತು, ಬಿಡುತ್ತಿತ್ತು. ಅವನು ಕೋಟಿನ ಕತೆಯ ಉಳಿದರ್ಧ ಹೇಳಿದ. ಕಂಡಕ್ಟರ್ ಹೋದದ್ದನ್ನು ಹೇಳಿದ. ಬೇಕೆಂದೇ ಒಂದೆರಡು ಕಡೆ ತಪ್ಪು ಹೇಳಿ ಹುಬ್ಬು ನೋಡಿದ. ಹುಬ್ಬು ಗಂಟಿಕ್ಕಲಿಲ್ಲ. ಬೆಳಿಗ್ಗೆಯ ಆಯಾಸ ಇರಬೇಕು, ನಾಳೆ ನೋಡೋಣ, ಎಂದಳು ನರ್ಸಮ್ಮ.

ಅವನು ಹೊದಿಕೆಯ ಅಂಚು ತೀಡುತ್ತ ಒಂದು ಮಾತು ಹೇಳುತ್ತಿದ್ದ, ಅದಕ್ಕೆ ಅವಳು ಏನು ಹೇಳುತ್ತಿದ್ದಳೋ ಅಷ್ಟು ಹೊತ್ತು ಬಿಟ್ಟು ನಿಲ್ಲುತ್ತಿದ್ದ. ಅವಳ ಮಾತು ಉದ್ದ, ಹಾಗಾಗಿ ಬಹಳ ಹೊತ್ತು ನಿಲ್ಲಬೇಕಾಗುತ್ತಿತ್ತು. ಆಮೇಲೆ, ಪೂರ್ತಿ ಕೇಳಿಸಿಕೊಂಡವನ ಹಾಗೆ, ಹೂಂ ಎನ್ನುತ್ತಿದ್ದ.